ಡಿಎಂಎ ಡ್ರೈವರ್ ‘ಇಷ್ಟು ಬೈಟ್ ಬಂತು’ ಎಂದು ಸರಿಯಾಗಿ ಹೇಳುವುದು ಹೇಗೆ?

ಪ್ರಶ್ನೆ: ಹೊಸ ಚಿಪ್ ಒಂದರ ಡಿಎಂಎ ಕಂಟ್ರೋಲರ್‌ಗೆ (ಸಿಪಿಯುವನ್ನು ಕಾಡದೆ ತಾನೇ ಡೇಟಾ ಸಾಗಿಸುವ ಭಾಗ) ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಕರ್ನಲ್‌ನ ಡಿಎಂಎಟೆಸ್ಟ್ ರಾತ್ರಿಯಿಡೀ ಓಡಿಸಿದರೂ ಒಂದೂ ತಪ್ಪು ಬರುವುದಿಲ್ಲ. ಆದರೆ ಅದೇ ಡಿಎಂಎಯನ್ನು 8250 ಸೀರಿಯಲ್ ಪೋರ್ಟ್‌ಗೆ ಜೋಡಿಸಿದರೆ ತೊಂದರೆ. ಹಳೆಯ ಕರ್ನಲ್‌ನಲ್ಲಿ ಆ ಕಡೆಯಿಂದ ಒಂದು ಚಿಕ್ಕ ಸಾಲು ಕಳಿಸಿದರೆ ಈ ಕಡೆ 4096 ಬೈಟ್ ಬರುತ್ತದೆ: ಮೊದಲು ನನ್ನ ಸಾಲು, ಆಮೇಲೆಲ್ಲ ಕಸ. 6.6 ಕರ್ನಲ್‌ಗೆ ಬಂದ ಮೇಲೆ ಕಸವೂ ಇಲ್ಲ, ಸಾಲೂ ಇಲ್ಲ. ಸ್ಟೇಟಸ್ ಕೇಳಿದಾಗ, ಡಿಎಂಎ ಕೋರ್‌ನ (ಎಲ್ಲ ಡಿಎಂಎ ಡ್ರೈವರ್‌ಗಳೂ ಬಳಸುವ ಕರ್ನಲ್ ಕೋಡ್) ಕುಕಿ ಸ್ಟೇಟಸ್ ಫಂಕ್ಷನ್ ಕೊಟ್ಟದ್ದನ್ನೇ ಹಾಗೇ ವಾಪಸ್ ಕೊಡುತ್ತಿದ್ದೇನೆ. ಉಳಿದ ಸೆಟ್ಟಿಂಗ್‌ಗಳನ್ನು ಕರ್ನಲ್‌ನಲ್ಲೇ ಇರುವ ಇನ್ನೊಂದು ಡ್ರೈವರ್ ನೋಡಿ ತುಂಬಿದ್ದೇನೆ. ತಪ್ಪು 8250ಯದೋ, ನನ್ನದೋ?

ಉತ್ತರ: ತಪ್ಪು ನಿಮ್ಮ ಡ್ರೈವರಿನಲ್ಲೇ ಇದೆ. ಹಳೆಯ ಕರ್ನಲ್‌ನಲ್ಲಿ ಕಸ ಬರುವುದಕ್ಕೂ ಹೊಸದರಲ್ಲಿ ಏನೂ ಬಾರದಿರುವುದಕ್ಕೂ ಮೂಲ ಒಂದೇ. ಹಾರ್ಡ್‌ವೇರ್ ಎಲ್ಲಿಯವರೆಗೆ ಬಂದಿದೆ ಎಂದು ನಿಮ್ಮ ಡ್ರೈವರ್ ಒಮ್ಮೆಯೂ ನೋಡುವುದಿಲ್ಲ, ಆದರೂ ಕೇಳಿದವರಿಗೆ ಉತ್ತರ ಕೊಡುತ್ತಿದೆ.

8250 ಏನು ಮಾಡುತ್ತದೆಂದು ಮೊದಲು ನೋಡೋಣ. ಸೀರಿಯಲ್ ಪೋರ್ಟ್‌ಗೆ ಎಷ್ಟು ಬೈಟ್ ಬರಲಿದೆ ಎಂದು ಯಾರಿಗೂ ಮುಂಚಿತವಾಗಿ ಗೊತ್ತಿರುವುದಿಲ್ಲ. ಹಾಗಾಗಿ 8250 ಡ್ರೈವರ್ ಒಂದು ಪೇಜ್‌ನಷ್ಟು, ಅಂದರೆ ಸಾಮಾನ್ಯವಾಗಿ 4096 ಬೈಟ್‌ನ, ಬಫರ್ ಕೊಟ್ಟು ತುಂಬಿಸಲು ಡಿಎಂಎಗೆ ಹೇಳಿಬಿಡುತ್ತದೆ. 115200 ಬಾಡ್‌ನಲ್ಲಿ, ಅಕ್ಷರವೊಂದಕ್ಕೆ 10 ಬಿಟ್ ಹಿಡಿದರೆ, ಸೆಕೆಂಡಿಗೆ 11520 ಬೈಟ್ ಬರುತ್ತದೆ. ಎಡೆಬಿಡದೆ ಬಂದರೂ ಬಫರ್ ತುಂಬಲು ಸುಮಾರು 356 ಮಿಲಿಸೆಕೆಂಡ್ ಬೇಕು. ಲಾಗಿನ್ ಪ್ರಾಂಪ್ಟ್‌ನಲ್ಲಿ ಹೆಸರು ಟೈಪ್ ಮಾಡಿದವರ ವಿಷಯದಲ್ಲಂತೂ ಅದು ತುಂಬುವುದೇ ಇಲ್ಲ. ಅದಕ್ಕಾಗಿಯೇ ಯುಎಆರ್‌ಟಿಯ (ಸೀರಿಯಲ್ ಪೋರ್ಟ್‌ನ ಹಾರ್ಡ್‌ವೇರ್) ಟೈಮ್‌ಔಟ್ ಇಂಟರಪ್ಟ್ ಇರುವುದು. 16550 ಮಾದರಿಯಲ್ಲಿ ಫೈಫೋದೊಳಗೆ (ಬಂದ ಕ್ರಮದಲ್ಲೇ ಹೊರಹೋಗುವ ಚಿಕ್ಕ ಬಫರ್) ಒಂದಾದರೂ ಅಕ್ಷರ ಉಳಿದು, ನಾಲ್ಕು ಅಕ್ಷರದ ಹೊತ್ತು (115200ರಲ್ಲಿ ಸುಮಾರು 347 ಮೈಕ್ರೊಸೆಕೆಂಡ್) ಹೊಸದು ಬಾರದೆ, ಇದ್ದದ್ದನ್ನು ಯಾರೂ ಓದದೆ ಹೋದರೆ ಈ ಇಂಟರಪ್ಟ್ ಏಳುತ್ತದೆ. ಆಗ 8250 ಡ್ರೈವರ್ ಡಿಎಂಎ ಚಾನೆಲನ್ನು ಪಾಸ್ (pause, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸುವುದು) ಮಾಡುತ್ತದೆ, ಸ್ಟೇಟಸ್ ಕೇಳುತ್ತದೆ, 4096ರಲ್ಲಿ ರೆಸಿಡ್ಯೂ ಕಳೆದು ಬಂದಷ್ಟನ್ನು ಟಿಟಿವೈಗೆ (ಕರ್ನಲ್‌ನ ಟರ್ಮಿನಲ್ ಪದರ) ದಾಟಿಸುತ್ತದೆ, ನಂತರ ಚಾನೆಲನ್ನು ಟರ್ಮಿನೇಟ್ ಮಾಡುತ್ತದೆ. ಡಿಎಂಎ ಫೈಫೋದಲ್ಲೇ ಬಿಟ್ಟ ಬೈಟ್‌ಗಳನ್ನು ಕೊನೆಯಲ್ಲಿ ಸಿಪಿಯು ತಾನೇ ಓದಿಕೊಳ್ಳುತ್ತದೆ.

ರೆಸಿಡ್ಯೂ ಎಂದರೆ ಇನ್ನೂ ಸಾಗಬೇಕಾದ ಬೈಟ್‌ಗಳ ಲೆಕ್ಕ. ನೀವು ನಂಬಿಕೊಂಡಿರುವ ಕೋರ್‌ನ ಕುಕಿ ಸ್ಟೇಟಸ್ ಫಂಕ್ಷನ್‌ಗೆ ಈ ಲೆಕ್ಕ ಗೊತ್ತೇ ಇಲ್ಲ. ಪ್ರತಿ ಡಿಸ್ಕ್ರಿಪ್ಟರ್ (ಒಂದು ಟ್ರಾನ್ಸ್‌ಫರ್‌ನ ವಿವರಪಟ್ಟಿ) ಸಬ್ಮಿಟ್ ಆದಾಗ ಅದಕ್ಕೊಂದು ಏರಿಕೆಯ ಕ್ರಮದ ಕುಕಿ ನಂಬರ್ ಸಿಗುತ್ತದೆ. ಕೊನೆಗೆ ಮುಗಿದ ಕುಕಿ ಯಾವುದು ಎಂಬುದು ಚಾನೆಲ್‌ನಲ್ಲಿ ಬರೆದಿರುತ್ತದೆ. ಆ ಫಂಕ್ಷನ್ ಈ ಎರಡನ್ನು ಹೋಲಿಸಿ ‘ಕಂಪ್ಲೀಟ್’ ಅಥವಾ ‘ಇನ್ ಪ್ರೋಗ್ರೆಸ್’ ಎನ್ನುತ್ತದೆ, ರೆಸಿಡ್ಯೂ ಜಾಗದಲ್ಲಿ ಸೊನ್ನೆ ಬರೆಯುತ್ತದೆ. ಆ ಸೊನ್ನೆಯನ್ನು ಡ್ರೈವರ್ ತಾನೇ ತಿದ್ದಬೇಕೆಂಬುದು ಒಪ್ಪಂದ. ನೀವು ತಿದ್ದಲಿಲ್ಲ. 4096ರಲ್ಲಿ ಸೊನ್ನೆ ಕಳೆದರೆ 4096. ಹಳೆಯ ಕರ್ನಲ್‌ನಲ್ಲಿ ನಿಮಗೆ ಕಂಡ ಕಸ ಇದೇ, ಬಫರ್‌ನಲ್ಲಿ ಮೊದಲೇ ಬಿದ್ದಿದ್ದ ಹಳೆಯ ಡೇಟಾ.

6.6ರಲ್ಲಿ ಏನಾಯಿತು? 8250ಯ ರಿಸೀವ್ ಕೋಡ್‌ನಲ್ಲಿ ಒಂದು ರೇಸ್ ಇತ್ತು. ಡಿಎಂಎ ಮುಗಿದು ಕಂಪ್ಲೀಷನ್ ಹ್ಯಾಂಡ್ಲರ್ ಪೋರ್ಟ್‌ನ ಲಾಕ್‌ಗೆ ಕಾಯುತ್ತಿರುವಾಗಲೇ ಇನ್ನೊಂದು ಕಡೆಯಿಂದ ಹೊಸ ಡಿಎಂಎ ಶುರುವಾಗಿಬಿಡಬಹುದಿತ್ತು. ಹ್ಯಾಂಡ್ಲರ್‌ಗೆ ಲಾಕ್ ಸಿಕ್ಕಾಗ ಅದು ಎಣಿಸುತ್ತಿದ್ದುದು ಹೊಸ ಡಿಎಂಎಯ ಬೈಟ್‌ಗಳನ್ನು. 2023ರಲ್ಲಿ ಇದನ್ನು ಸರಿಪಡಿಸುವಾಗ ಒಂದು ಪರೀಕ್ಷೆ ಸೇರಿಸಿದರು: ಸ್ಟೇಟಸ್ ‘ಇನ್ ಪ್ರೋಗ್ರೆಸ್’ ಆಗಿದ್ದರೆ ಬಫರ್ ಮುಟ್ಟದೆ ವಾಪಸ್ ಹೋಗು. ಪಾಸ್ ಮಾಡಿ ಕೇಳುವ ಟೈಮ್‌ಔಟ್ ದಾರಿಯಲ್ಲೂ ಇದೇ ಕೋಡ್ ಓಡುತ್ತದೆ. ಪಾಸ್ ಆದ ಚಾನೆಲ್ ‘ಪಾಸ್ಡ್’ ಎಂದು ಹೇಳಬೇಕು. ನಿಮ್ಮದು ಆಗಲೂ ‘ಇನ್ ಪ್ರೋಗ್ರೆಸ್’ ಎನ್ನುತ್ತದೆ. 8250 ಅದನ್ನು ನಂಬಿ ಬೈಟ್‌ಗಳನ್ನು ಎತ್ತಿಕೊಳ್ಳದೆ ಹೋಗುತ್ತದೆ, ಮರುಕ್ಷಣವೇ ಟರ್ಮಿನೇಟ್ ಕರೆ ಬರುತ್ತದೆ, ಮೆಮೊರಿಗೆ ಬಂದು ಕೂತಿದ್ದ ನಿಮ್ಮ ಸಾಲು ಅನಾಥವಾಗುತ್ತದೆ. ಸಾಲಿನ ಬಾಲದ ಒಂದೆರಡು ಅಕ್ಷರ ಮಾತ್ರ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದರೆ, ಅವು ಫೈಫೋದಿಂದ ಸಿಪಿಯು ಓದಿದ ಬೈಟ್‌ಗಳು.

ಈ ಏಟು ನಿಮಗೊಬ್ಬರಿಗೇ ಬಿದ್ದದ್ದಲ್ಲ. ಆರ್ಮ್‌ನ ಪಿಎಲ್330 ಕಂಟ್ರೋಲರ್‌ನ ಡ್ರೈವರ್ ಎಷ್ಟೋ ಬೋರ್ಡ್‌ಗಳಲ್ಲಿ ವರ್ಷಗಳಿಂದ ಓಡುತ್ತಿತ್ತು. ಆ ಹಾರ್ಡ್‌ವೇರ್‌ನಲ್ಲಿ ಪಾಸ್ ಮಾಡಿದ ಚಾನೆಲನ್ನು ಮತ್ತೆ ಮುಂದುವರಿಸಲು ಆಗುವುದಿಲ್ಲ. ಟರ್ಮಿನೇಟ್ ಮಾಡುವ ಮುನ್ನ ರೆಸಿಡ್ಯೂ ನಿರಾತಂಕವಾಗಿ ಓದಿಕೊಳ್ಳಲಿ ಎಂದೇ ಅಲ್ಲಿ ಪಾಸ್ ಬರೆದದ್ದು, ಕೋಡ್‌ನ ಕಾಮೆಂಟ್‌ನಲ್ಲೇ ಹಾಗೆಂದಿದೆ. ಆದರೆ ಪಾಸ್ ಆಗಿದೆ ಎಂಬ ಗುರುತನ್ನು ಎಲ್ಲೂ ಇಡುತ್ತಿರಲಿಲ್ಲ, ಸ್ಟೇಟಸ್ ‘ಇನ್ ಪ್ರೋಗ್ರೆಸ್’ ಎಂದೇ ಹೋಗುತ್ತಿತ್ತು. ಅಷ್ಟು ಕಾಲ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿದ್ದುದರಿಂದ ನಡೆದುಹೋಯಿತು. 8250ಯ ತಿದ್ದುಪಡಿ ಬಂದ ಮೇಲೆ ಆ ಡ್ರೈವರ್‌ನಲ್ಲಿ ಡಿಸ್ಕ್ರಿಪ್ಟರ್‌ಗೆ ‘ಪಾಸ್ಡ್’ ಎಂಬ ಹೊಸ ಸ್ಥಿತಿ ಸೇರಿಸಬೇಕಾಯಿತು. ಸ್ಟೇಟಸ್‌ನಲ್ಲಿ ಹೇಳಿದ ತಪ್ಪು ಮಾತು ಕೇಳುವವರು ಹುಟ್ಟುವವರೆಗೂ ಬಚ್ಚಿಟ್ಟುಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಯೊಳಗೇ ಅಡಗಿದೆ. 8250 ಡ್ರೈವರ್ ಡಿಎಂಎ ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ವಿಚಾರಿಸುತ್ತದೆ: ಪಾಸ್ ಮಾಡಬಲ್ಲೆಯಾ, ಟರ್ಮಿನೇಟ್ ಮಾಡಬಲ್ಲೆಯಾ, ರೆಸಿಡ್ಯೂವನ್ನು ಎಷ್ಟು ಸೂಕ್ಷ್ಮವಾಗಿ ಹೇಳಬಲ್ಲೆ. ಕೊನೆಯದಕ್ಕೆ ಗ್ರಾನ್ಯುಲಾರಿಟಿ ಎನ್ನುತ್ತಾರೆ, ಅದರಲ್ಲಿ ಮೂರು ಮಟ್ಟ. ಡಿಸ್ಕ್ರಿಪ್ಟರ್ ಮಟ್ಟವೆಂದರೆ ಮುಗಿದಿದೆಯೋ ಇಲ್ಲವೋ ಅಷ್ಟೇ ಗೊತ್ತು. ಸೆಗ್ಮೆಂಟ್ ಮಟ್ಟವೆಂದರೆ ಒಂದೊಂದು ತುಂಡು ಮುಗಿದಾಗ ಲೆಕ್ಕ ಮುಂದೆ ಹೋಗುತ್ತದೆ. ಬರ್ಸ್ಟ್ ಮಟ್ಟವೆಂದರೆ ಪ್ರತಿ ಬರ್ಸ್ಟ್‌ಗೂ (ಒಂದೇ ಸಲಕ್ಕೆ ಸಾಗುವ ಬೈಟ್‌ಗಳ ಚಿಕ್ಕ ಗುಂಪು) ಲೆಕ್ಕ ಸಿಗುತ್ತದೆ. ಡ್ರೈವರ್ ಏನೂ ತುಂಬದಿದ್ದರೆ ಅದು ಡಿಸ್ಕ್ರಿಪ್ಟರ್ ಮಟ್ಟವೇ. ಆ ಮಟ್ಟದ ಡಿಎಂಎಯನ್ನು 8250 ರಿಸೀವ್‌ಗೆ ಒಪ್ಪುವುದೇ ಇಲ್ಲ. ಎಚ್ಚರಿಕೆಯ ಒಂದು ಸಾಲು ಲಾಗ್ ಮಾಡಿ ಡಿಎಂಎ ಇಲ್ಲದೆ ಕೆಲಸ ಮುಂದುವರಿಸುತ್ತದೆ. ಅಂದರೆ ನೀವು ನೋಡಿ ತುಂಬಿದ ಆ ಇನ್ನೊಂದು ಡ್ರೈವರ್ ಬರ್ಸ್ಟ್ ಅಥವಾ ಸೆಗ್ಮೆಂಟ್ ಎಂದು ಹೇಳಿಕೊಂಡಿತ್ತು. ಅದರ ಮಟ್ಟಿಗೆ ಆ ಮಾತು ನಿಜ, ನಿಮ್ಮ ಮಟ್ಟಿಗೆ ಸುಳ್ಳು. ಆ ಒಂದು ಸಾಲು ಖಾಲಿ ಬಿಟ್ಟಿದ್ದರೂ ನಿಮ್ಮ ಸೀರಿಯಲ್ ಪೋರ್ಟ್ ನಿಧಾನವಾಗಿಯಾದರೂ ಸರಿಯಾಗಿ ಓಡುತ್ತಿತ್ತು.

ಈಗ ರೆಸಿಡ್ಯೂ ಲೆಕ್ಕ ಹಾಕುವ ಕೆಲಸ. ಕಷ್ಟವೆಲ್ಲ ಇರುವುದು ಇಲ್ಲೇ.

ಸ್ಟೇಟಸ್ ಕೇಳುವವರು ಒಂದು ಕುಕಿ ಹಿಡಿದು ಕೇಳುತ್ತಾರೆ. ಆ ಕುಕಿಯ ಡಿಸ್ಕ್ರಿಪ್ಟರ್ ಬಗ್ಗೆ ಮಾತ್ರ ಉತ್ತರಿಸಬೇಕು, ಹಾರ್ಡ್‌ವೇರ್‌ನಲ್ಲಿ ಈಗ ಓಡುತ್ತಿರುವುದರ ಬಗ್ಗೆ ಅಲ್ಲ. ಡಿಸ್ಕ್ರಿಪ್ಟರ್ ಇನ್ನೂ ಕ್ಯೂನಲ್ಲಿ ಕಾಯುತ್ತಿದ್ದರೆ ರೆಸಿಡ್ಯೂ ಅದರ ಪೂರ್ತಿ ಉದ್ದ. ಓಡುತ್ತಿರುವುದು ಅದೇ ಆಗಿದ್ದರೆ ಮಾತ್ರ ರಿಜಿಸ್ಟರ್ ಓದಬೇಕು. ಮುಗಿದಿದ್ದರೆ ಸೊನ್ನೆ. ಹೊಸ ಡ್ರೈವರ್‌ಗಳು ಎಡವುವುದು ಎಲ್ಲಿ ಎಂದರೆ, ಕುಕಿ ಯಾವುದೇ ಇರಲಿ ಕೌಂಟ್ ರಿಜಿಸ್ಟರ್ ಓದಿ ಕೊಟ್ಟುಬಿಡುತ್ತವೆ. ಒಂದೇ ಟ್ರಾನ್ಸ್‌ಫರ್ ಇರುವವರೆಗೆ ಎಲ್ಲ ಸರಿ, ಎರಡನೆಯದು ಕ್ಯೂಗೆ ಬಂದ ಕೂಡಲೇ ಲೆಕ್ಕ ಕೆಡುತ್ತದೆ.

ಈ ಮೂರು ಸಂದರ್ಭಗಳ ನಡುವೆ ಡಿಸ್ಕ್ರಿಪ್ಟರ್ ಜಾಗ ಬದಲಿಸುತ್ತಿರುತ್ತದೆ, ಆದ್ದರಿಂದ ಚಾನೆಲ್ ಲಾಕ್ ಹಿಡಿದೇ ನೋಡಬೇಕು. ಲಾಕ್ ಇಲ್ಲದೆ ಮೊದಲೊಮ್ಮೆ ಕುಕಿ ನೋಡಿ, ಕಂಪ್ಲೀಟ್ ಆಗಿದ್ದರೆ ಅಲ್ಲಿಂದಲೇ ಹೊರಡುವುದು ವೇಗಕ್ಕಾಗಿ ಎಲ್ಲರೂ ಮಾಡುವ ಕೆಲಸ, ಅದರಲ್ಲಿ ತಪ್ಪಿಲ್ಲ. ಆದರೆ ಲಾಕ್ ಸಿಕ್ಕ ಮೇಲೆ ಕುಕಿಯನ್ನು ಮತ್ತೊಮ್ಮೆ ನೋಡಿ. ನೋಡದಿದ್ದರೆ, ಆ ನಡುವೆ ಇಂಟರಪ್ಟ್ ಬಂದು ಕೆಲಸ ಮುಗಿದಿದ್ದಾಗ ಹಳೆಯ ‘ಇನ್ ಪ್ರೋಗ್ರೆಸ್’ ಮತ್ತು ಹೊಸ ಸೊನ್ನೆ ಜೊತೆಯಾಗಿ ಹೊರಗೆ ಹೋಗುತ್ತವೆ. ಹೀಗೆ ಒಂದಕ್ಕೊಂದು ಹೊಂದದ ಜೋಡಿ ಹೊರಬಿದ್ದರೆ ಹುಡುಕುವುದು ಬಹಳ ಕಷ್ಟ. ಸ್ಟೇಟಸ್ ಬರೆಯಲು ಕೊಡುವ ಪಾಯಿಂಟರ್ ನಲ್ ಆಗಿರಬಹುದು, ಆಗ ಲೆಕ್ಕ ಹಾಕುವ ಅಗತ್ಯವಿಲ್ಲ. ಈ ಕರೆ ಇಂಟರಪ್ಟ್ ಒಳಗಿಂದಲೂ ಬರುತ್ತದೆ (8250 ಮಾಡುವುದು ಅದನ್ನೇ), ಆದ್ದರಿಂದ ಇಲ್ಲಿ ಮ್ಯೂಟೆಕ್ಸ್ ಕೂಡದು, ನಿದ್ದೆಗೆ ಹೋಗಬಲ್ಲ ಯಾವ ಫಂಕ್ಷನ್ನೂ ಕೂಡದು.

ರಿಜಿಸ್ಟರ್ ಓದುವಾಗ ಮೊದಲು ಅದರ ಮಾನ ಯಾವುದೆಂದು ಖಚಿತ ಮಾಡಿಕೊಳ್ಳಿ. ಎಸ್‌ಟಿಎಂ32ರ ಎನ್‌ಡಿಟಿಆರ್ ರಿಜಿಸ್ಟರ್ ಎಣಿಸುವುದು ಬೈಟ್‌ಗಳನ್ನಲ್ಲ, ಪೆರಿಫೆರಲ್‌ನ ಅಗಲದ ಐಟಂಗಳನ್ನು. ಅಗಲ 32 ಬಿಟ್ ಇದ್ದರೆ ಅಲ್ಲಿಯ 10 ಎಂದರೆ 40 ಬೈಟ್. ಸೀರಿಯಲ್‌ನಲ್ಲಿ ಅಗಲ 1 ಬೈಟ್ ಆದ್ದರಿಂದ ಗುಣಾಕಾರ ಮರೆತರೂ ಪರೀಕ್ಷೆ ಪಾಸಾಗುತ್ತದೆ. ಮುಂದೆ ಎಸ್‌ಪಿಐ ಜೋಡಿಸಿದ ದಿನ ತಪ್ಪು ಹೊರಬರುತ್ತದೆ.

ಟ್ರಾನ್ಸ್‌ಫರ್ ಹಲವು ಸೆಗ್ಮೆಂಟ್‌ಗಳ ಲಿಂಕ್ಡ್ ಲಿಸ್ಟ್ ಆಗಿದ್ದರೆ ಎರಡು ವಿಷಯ ಓದಬೇಕು: ಹಾರ್ಡ್‌ವೇರ್ ಯಾವ ಸೆಗ್ಮೆಂಟ್‌ನಲ್ಲಿದೆ, ಅದರಲ್ಲಿ ಎಷ್ಟು ಉಳಿದಿದೆ. ಒಂದೇ ಏಟಿಗೆ ಎರಡನ್ನೂ ಓದಲು ಆಗುವುದಿಲ್ಲ. ಮೊದಲನೆಯದನ್ನು ಓದಿ ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಹಾರ್ಡ್‌ವೇರ್ ಮುಂದಿನ ಸೆಗ್ಮೆಂಟ್‌ಗೆ ಜಾರಿದರೆ, ಹಳೆಯ ಸೆಗ್ಮೆಂಟ್‌ಗೆ ಹೊಸ ಸೆಗ್ಮೆಂಟಿನ ಕೌಂಟ್ ಸೇರಿ ಲೆಕ್ಕ ಒಂದು ಇಡೀ ಸೆಗ್ಮೆಂಟ್‌ನಷ್ಟು ತಪ್ಪುತ್ತದೆ. ಅಟ್ಮೆಲ್‌ನ ಎಚ್‌ಡಿಎಂಎಸಿ ಡ್ರೈವರ್ ಇದಕ್ಕೆ ಕಂಡುಕೊಂಡ ದಾರಿ ಸರಳವಾಗಿದೆ, ಅದನ್ನೇ ಹಿಡಿಯಿರಿ. ಡಿಸ್ಕ್ರಿಪ್ಟರ್ ರಿಜಿಸ್ಟರ್ ಓದಿ, ಕೌಂಟ್ ಓದಿ, ಡಿಸ್ಕ್ರಿಪ್ಟರ್ ರಿಜಿಸ್ಟರ್ ಮತ್ತೆ ಓದಿ. ಎರಡು ಸಲವೂ ಅದೇ ಬಂದರೆ ನಡುವಿನ ಕೌಂಟ್ ನಂಬಬಹುದು, ಬೇರೆ ಬಂದರೆ ಪುನಃ ಪ್ರಯತ್ನ. ಪ್ರಯತ್ನಗಳಿಗೆ ಮಿತಿ ಇರಲಿ, ಲಾಕ್ ಹಿಡಿದು ಕೊನೆಯಿಲ್ಲದೆ ಸುತ್ತುವುದು ಬೇಡ.

ಇದಕ್ಕಿಂತ ಸೂಕ್ಷ್ಮವಾದದ್ದು ಕಂಟ್ರೋಲರ್‌ನ ಒಳಗಿನ ಫೈಫೋ. ತೋಟದ ಪಂಪ್‌ಸೆಟ್ ಆಫ್ ಮಾಡಿದ ಕ್ಷಣ ಪೈಪಿನೊಳಗೆ ನೀರು ಉಳಿದಿರುತ್ತದೆ, ಬಾವಿಯಿಂದ ಹೊರಟಿದೆ, ತೊಟ್ಟಿಗೆ ಬಿದ್ದಿಲ್ಲ. ಡಿಎಂಎಯಲ್ಲೂ ಯುಎಆರ್‌ಟಿಯಿಂದ ಓದಿ ಆದ, ಮೆಮೊರಿಗೆ ಬರೆಯದ ಬೈಟ್‌ಗಳು ಹೀಗೇ ನಡುದಾರಿಯಲ್ಲಿರುತ್ತವೆ. ನಿಮ್ಮ ಕೌಂಟ್ ರಿಜಿಸ್ಟರ್ ಇಳಿಯುವುದು ಓದಿದಾಗಲೋ ಬರೆದಾಗಲೋ ಎಂಬುದು ಚಿಪ್‌ನ ಮ್ಯಾನುಯಲ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಹಾರ್ಡ್‌ವೇರ್ ವಿನ್ಯಾಸ ಮಾಡಿದವರನ್ನು ಬೆನ್ನುಹತ್ತಿ ಕೇಳಿ. ಓದಿದಾಗ ಇಳಿಯುವುದಾದರೆ, ಮೆಮೊರಿಗೆ ಇನ್ನೂ ಬಾರದ ಬೈಟ್‌ಗಳನ್ನೂ ‘ಬಂತು’ ಎಂದು ಎಣಿಸುತ್ತೀರಿ, ಓದಿದವರಿಗೆ ಹಳೆಯ ಡೇಟಾ ಸಿಗುತ್ತದೆ. ಹೊರಗಿನಿಂದ ಮೆಮೊರಿಗೆ ಬರುವ ದಿಕ್ಕಿನಲ್ಲಿ ಡೆಸ್ಟಿನೇಷನ್ ಅಡ್ರೆಸ್ ರಿಜಿಸ್ಟರ್ ಇದ್ದರೆ ಕೌಂಟ್‌ಗಿಂತ ಅದೇ ಮೇಲು: ಈಗಿನ ಅಡ್ರೆಸ್‌ನಿಂದ ಬಫರ್‌ನ ಆರಂಭ ಕಳೆದರೆ ಎಷ್ಟು ಬರೆದಾಯಿತೆಂದು ಸಿಗುತ್ತದೆ.

ಪಾಸ್ ಮಾಡುವಾಗಲೂ ಇದೇ ಎಚ್ಚರ ಬೇಕು. ಪಾಸ್ ಬಿಟ್ ಬರೆದು ತಕ್ಷಣ ವಾಪಸ್ ಬಂದರೆ ನಡುದಾರಿಯ ಬೈಟ್‌ಗಳು ಅಲ್ಲೇ ಉಳಿದು, ಮುಂದಿನ ಟರ್ಮಿನೇಟ್‌ನಲ್ಲಿ ಸತ್ತುಹೋಗುತ್ತವೆ. ಅವು ಈಗ ಯುಎಆರ್‌ಟಿಯ ಫೈಫೋದಲ್ಲೂ ಇಲ್ಲ, ಮೆಮೊರಿಯಲ್ಲೂ ಇಲ್ಲ, ಸಿಪಿಯುಗೆ ಅವನ್ನು ಹಿಂಪಡೆಯುವ ದಾರಿಯೇ ಇಲ್ಲ. ಡಿಸೈನ್‌ವೇರ್ ಕಂಟ್ರೋಲರ್‌ನ ಡ್ರೈವರ್ ಚಾನೆಲ್ ಸಸ್ಪೆಂಡ್ ಮಾಡಿದ ಮೇಲೆ ಫೈಫೋ ಖಾಲಿಯಾಯಿತೆಂಬ ಬಿಟ್ ಏಳುವವರೆಗೆ, ಒಂದು ಮಿತಿಯೊಳಗೆ, ಕಾಯುತ್ತದೆ. ನಿಮ್ಮ ಪಾಸ್ ಫಂಕ್ಷನ್ ಕೂಡ ಖಾಲಿಯಾದದ್ದನ್ನು ಖಚಿತಪಡಿಸಿಕೊಂಡು, ಡಿಸ್ಕ್ರಿಪ್ಟರ್‌ಗೆ ‘ಪಾಸ್ಡ್’ ಗುರುತು ಹಾಕಿ, ಆಮೇಲೆ ವಾಪಸ್ ಬರಲಿ. ಪಾಸ್ ಆಗುವ ಹೊತ್ತಿಗೇ ಟ್ರಾನ್ಸ್‌ಫರ್ ಮುಗಿದಿದ್ದರೆ ಉತ್ತರ ‘ಕಂಪ್ಲೀಟ್’ ಆಗಬೇಕು, ‘ಪಾಸ್ಡ್’ ಅಲ್ಲ. ಕುಕಿ ‘ಇನ್ ಪ್ರೋಗ್ರೆಸ್’ ಎಂದಾಗ ಮಾತ್ರ ಪಾಸ್ ಗುರುತು ನೋಡಿ.

ಕಳಿಸುವ ದಿಕ್ಕಿನಲ್ಲಿ ಡಿಎಂಎ ಮುಗಿಯಿತೆಂದರೆ ಬೈಟ್‌ಗಳು ಯುಎಆರ್‌ಟಿಯ ಫೈಫೋ ಸೇರಿದವು ಎಂದಷ್ಟೇ ಅರ್ಥ, ತಂತಿಯ ಮೇಲೆ ಹೋದವು ಎಂದಲ್ಲ. ಆರ್‌ಎಸ್‌-485 (ಒಂದೇ ಜೋಡಿ ತಂತಿಯಲ್ಲಿ ಸರದಿಯಂತೆ ಕಳಿಸಿ ಪಡೆಯುವ ಸೀರಿಯಲ್ ಸಂಪರ್ಕ) ಬಳಸುವವರು ಡಿಎಂಎ ಕಂಪ್ಲೀಟ್ ನಂಬಿ ದಿಕ್ಕು ತಿರುಗಿಸಿದರೆ ಕೊನೆಯ ಅಕ್ಷರಗಳು ಕತ್ತರಿಸಿಹೋಗುತ್ತವೆ, ಅವರು ಕಾಯಬೇಕಾದದ್ದು ಲೈನ್ ಸ್ಟೇಟಸ್ ರಿಜಿಸ್ಟರ್‌ನ ಟ್ರಾನ್ಸ್‌ಮಿಟರ್ ಎಂಪ್ಟಿ ಬಿಟ್‌ಗೆ. ಅದನ್ನು ನೋಡಿಕೊಳ್ಳುವುದು ಸೀರಿಯಲ್ ಡ್ರೈವರ್‌ನ ಪಾಲಿನ ಕೆಲಸ.

ಕಂಪ್ಲೀಟ್ ಎಂದರೆ ಯಶಸ್ಸು ಎಂದೂ ಅಲ್ಲ. ಈ ಸ್ಟೇಟಸ್‌ಗೆ ಕರ್ನಲ್‌ನಲ್ಲಿ ಹಿಂದೆ ‘ಸಕ್ಸೆಸ್’ ಎಂಬ ಹೆಸರಿತ್ತು. ಡಿಎಂಎ ಅಷ್ಟು ದೊಡ್ಡ ಭರವಸೆ ಕೊಡಲಾರದು ಎಂಬ ಕಾರಣಕ್ಕೇ ಅದನ್ನು ಕೈಬಿಟ್ಟರು. ಬಸ್ ಎರರ್ ಬಂದಾಗ ಅನೇಕ ಡ್ರೈವರ್‌ಗಳು ಲಾಗ್‌ನಲ್ಲಿ ಒಂದು ಸಾಲು ಬರೆದು, ಡಿಸ್ಕ್ರಿಪ್ಟರನ್ನು ಮುಗಿದವುಗಳ ಪಟ್ಟಿಗೆ ಸೇರಿಸಿಬಿಡುತ್ತವೆ. ಲಾಗ್ ಓದುವುದು ಮನುಷ್ಯರು. ಕೆಟ್ಟ ಡೇಟಾವನ್ನು ನಂಬಿ ಮುಂದೆ ಹೋಗುವುದು ಇನ್ನೊಂದು ಡ್ರೈವರ್, ಅದಕ್ಕೆ ಲಾಗ್ ಕಾಣುವುದಿಲ್ಲ. ವರ್ಚುವಲ್ ಡಿಎಂಎ ಸಹಾಯಕ ಕೋಡ್ ಬಳಸುತ್ತಿದ್ದರೆ ಪ್ರತಿ ಡಿಸ್ಕ್ರಿಪ್ಟರ್‌ನಲ್ಲೂ ಫಲಿತಾಂಶಕ್ಕೆ ಜಾಗವಿದೆ. ಓದುವಾಗ ಸೋತಿತೋ, ಬರೆಯುವಾಗಲೋ, ನಡುವೆ ನಿಲ್ಲಿಸಲಾಯಿತೋ ಎಂದು ಅಲ್ಲಿ ಗುರುತಿಸಿ, ಎಷ್ಟು ಬೈಟ್ ಉಳಿಯಿತೆಂದೂ ಬರೆಯಿರಿ. ಫಲಿತಾಂಶ ಸಹಿತದ ಕಾಲ್‌ಬ್ಯಾಕ್ ಇಟ್ಟುಕೊಂಡವರಿಗೆ ಅದು ಹಾಗೇ ತಲುಪುತ್ತದೆ. ಕುಕಿ ಲೆಕ್ಕಕ್ಕೆ ಎರರ್ ಎಂದರೇನೆಂದು ತಿಳಿಯದು, ಸ್ಟೇಟಸ್ ಕೇಳಿದಾಗಲೂ ‘ಎರರ್’ ಎನ್ನಬೇಕಾದರೆ ಸೋತ ಡಿಸ್ಕ್ರಿಪ್ಟರ್‌ನ ನೆನಪು ನಿಮ್ಮ ಡ್ರೈವರ್‌ನಲ್ಲೇ ಇರಬೇಕು. ಟರ್ಮಿನೇಟ್ ಆದದ್ದರ ನಿಯಮ ಬೇರೆ: ಅಪೂರ್ಣ ಟ್ರಾನ್ಸ್‌ಫರ್‌ಗಳಿಗೆ ಕಾಲ್‌ಬ್ಯಾಕ್ ಕರೆಯಲೇಬಾರದು.

ಇದೇ ಚಾನೆಲನ್ನು ನಾಳೆ ಸೌಂಡ್‌ಗೆ ಕೊಡುವಿರಾದರೆ ಸೈಕ್ಲಿಕ್ ಟ್ರಾನ್ಸ್‌ಫರ್ ಬಗ್ಗೆಯೂ ಹೇಳಿಬಿಡುತ್ತೇನೆ. ಅಲ್ಲಿ ಕೆಲಸ ಮುಗಿಯುವುದೇ ಇಲ್ಲ, ಬಫರ್ ಸುತ್ತುತ್ತಲೇ ಇರುತ್ತದೆ. ರೆಸಿಡ್ಯೂ ಹೇಳಬೇಕಾದದ್ದು ಇಡೀ ಬಫರ್‌ನ ಕೊನೆಯವರೆಗಿನ ದೂರ, ಈಗಿನ ಪೀರಿಯಡ್‌ನ (ಬಫರ್‌ನ ಒಂದು ಸಮಪಾಲು) ಕೊನೆಯವರೆಗಿನದಲ್ಲ. 4096 ಬೈಟ್ ಬಫರ್‌ನಲ್ಲಿ 1024ರ ನಾಲ್ಕು ಪೀರಿಯಡ್ ಇದ್ದು, ನೀವು ಪೀರಿಯಡ್‌ನ ಲೆಕ್ಕ ಕೊಟ್ಟರೆ, ಆಲ್ಸಾ (ಲಿನಕ್ಸ್‌ನ ಸೌಂಡ್ ವ್ಯವಸ್ಥೆ) ಕಣ್ಣಿಗೆ ಸ್ಥಾನ ಯಾವಾಗಲೂ 3072ರಿಂದ ಆಚೆಗೇ ಕಾಣುತ್ತದೆ. ಸೌಂಡ್‌ನಲ್ಲಿ ಗ್ರಾನ್ಯುಲಾರಿಟಿಯ ಸುಳ್ಳು ಇನ್ನೂ ದುಬಾರಿ. ಡಿಸ್ಕ್ರಿಪ್ಟರ್ ಮಟ್ಟ ಎಂದರೆ ಆಲ್ಸಾ ರೆಸಿಡ್ಯೂ ಬಿಟ್ಟು ಮುಗಿದ ಪೀರಿಯಡ್‌ಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಬರ್ಸ್ಟ್‌ಗಿಂತ ಒರಟಾದ ಎರಡೂ ಮಟ್ಟಗಳಿಗೆ ಸಾಧನವನ್ನು ‘ಬ್ಯಾಚ್’ ಎಂದು ಗುರುತಿಸುತ್ತದೆ, ಅದನ್ನು ಕಂಡು ಪಲ್ಸ್‌ಆಡಿಯೊ ಎಂಬ ಸೌಂಡ್ ಸರ್ವರ್ ಟೈಮರ್ ನಂಬಿದ ಷೆಡ್ಯೂಲಿಂಗ್ ಬಿಟ್ಟುಕೊಡುತ್ತದೆ. ತುಂಡುತುಂಡಾಗಿ ಜಿಗಿಯುವ ಲೆಕ್ಕವನ್ನು ಬರ್ಸ್ಟ್ ಎಂದು ಹೇಳಿಕೊಂಡರೆ ಈ ಕಾವಲುಗಳೆಲ್ಲ ತೆರೆದುಬಿಡುತ್ತವೆ, ಶಬ್ದ ಕರಕರ ಎನ್ನುತ್ತದೆ.

ಡಿಎಂಎಟೆಸ್ಟ್ ಯಾಕೆ ಹಿಡಿಯಲಿಲ್ಲ? ಅದು ಮೆಮೊರಿಯಿಂದ ಮೆಮೊರಿಗೆ ಕಾಪಿ ಮಾಡಿಸಿ, ಕಾಲ್‌ಬ್ಯಾಕ್‌ಗೆ ಕಾದು, ಕಂಪ್ಲೀಟ್ ಆಯಿತೇ ಎಂದು ನೋಡಿ, ಡೇಟಾ ಹೋಲಿಸುತ್ತದೆ. ನಡುವೆ ನಿಲ್ಲಿಸಿ ಎಷ್ಟಾಯಿತು ಎಂದು ಕೇಳುವುದಿಲ್ಲ. ಪೂರ್ತಿ ಮುಗಿದ ಟ್ರಾನ್ಸ್‌ಫರ್‌ಗೆ ರೆಸಿಡ್ಯೂ ಸೊನ್ನೆ ಸರಿಯಾದ ಉತ್ತರವೇ. ನಿಮಗೆ ಬೇಕಾದದ್ದು ಅರ್ಧಕ್ಕೆ ನಿಲ್ಲುವ ಟ್ರಾನ್ಸ್‌ಫರ್‌ಗಳ ಪರೀಕ್ಷೆ. ಸೀರಿಯಲ್‌ನ ಟಿಎಕ್ಸ್ ಆರ್‌ಎಕ್ಸ್ ಎರಡನ್ನೂ ತಂತಿಯಿಂದ ಜೋಡಿಸಿ, ಏರುತ್ತಾ ಹೋಗುವ ಸಂಖ್ಯೆಗಳನ್ನು 1, 15, 16, 17, 4095, 4096, 4097 ಬೈಟ್ ಉದ್ದಗಳಲ್ಲಿ ಕಳಿಸಿ. ಬರ್ಸ್ಟ್‌ನ ಅಂಚು, ಬಫರ್‌ನ ಅಂಚು ಎರಡೂ ಇದರಲ್ಲಿ ಸಿಗುತ್ತವೆ. ಡೀಬಗ್ ಮಾಡುವಷ್ಟು ದಿನ ರಿಸೀವ್ ಬಫರನ್ನು ಪ್ರತಿ ಸಲವೂ ಗುರುತಿರುವ ಒಂದೇ ಬೈಟ್‌ನಿಂದ ಮೊದಲೇ ತುಂಬಿಡಿ, ಬಂದ ಡೇಟಾದಲ್ಲಿ ಅದು ಇರಬಾರದ ಜಾಗದಲ್ಲಿ ಕಂಡರೆ ಹೆಚ್ಚು ಎಣಿಸಿದ್ದೀರಿ. ಟ್ರಾನ್ಸ್‌ಫರ್ ಓಡುತ್ತಿರುವಾಗ ಟೈಮರ್‌ನಿಂದ ಪದೇಪದೇ ಸ್ಟೇಟಸ್ ಕೇಳಿ. ಸೈಕ್ಲಿಕ್ ಅಲ್ಲದ ಟ್ರಾನ್ಸ್‌ಫರ್‌ನಲ್ಲಿ ರೆಸಿಡ್ಯೂ ಒಮ್ಮೆಯಾದರೂ ಏರಿದರೆ ಸೆಗ್ಮೆಂಟ್ ದಾಟುವ ರೇಸ್ ಇನ್ನೂ ಉಳಿದಿದೆ. ಎರಡು ಡಿಸ್ಕ್ರಿಪ್ಟರ್ ಕ್ಯೂ ಮಾಡಿ ಎರಡನೆಯದರ ಕುಕಿ ಕೇಳಿ, ಪೂರ್ತಿ ಉದ್ದ ಬರಬೇಕು.

ಕೆಲಸದ ಕ್ರಮ ಹೀಗಿರಲಿ. ಇವತ್ತೇ ಗ್ರಾನ್ಯುಲಾರಿಟಿಯ ಆ ಸಾಲನ್ನು ತೆಗೆದು, ಬೋರ್ಡ್ ಬಳಸುವ ನಿಮ್ಮ ಸಹೋದ್ಯೋಗಿಗಳಿಗೆ ಹಾಗೆಯೇ ಬಿಲ್ಡ್ ಕೊಡಿ. 8250 ಡಿಎಂಎ ಬಿಟ್ಟು ನಡೆಯುತ್ತದೆ, ಯಾರ ಬೈಟೂ ಕಳೆಯುವುದಿಲ್ಲ. ಆಮೇಲೆ ರೆಸಿಡ್ಯೂ ಬರೆಯಿರಿ, ನಂತರ ಫೈಫೋ ಖಾಲಿ ಮಾಡುವ ಪಾಸ್ ಮತ್ತು ‘ಪಾಸ್ಡ್’ ಸ್ಟೇಟಸ್. ಮೇಲಿನ ಉದ್ದಗಳೆಲ್ಲ ಎರಡೂ ಕರ್ನಲ್‌ಗಳಲ್ಲಿ ಪಾಸಾದ ದಿನ ಗ್ರಾನ್ಯುಲಾರಿಟಿಯ ಸಾಲನ್ನು ವಾಪಸ್ ಹಾಕಿ.